ಶಾರದಾ ಆಂಟಿಯ ಮೊದಲ ಓಟು

ಶಾರದಾ ಆಂಟಿ, ನಿಮ್ಮ ಮೊದಲ ಓಟನ್ನು ನಾನು ಕದ್ದೆ. ನೀವು ಹೇಳಿದ ಹೆಸರನ್ನು ಒತ್ತಲಿಲ್ಲ — ನನಗೆ ಬೇಕಾದ ಹೆಸರನ್ನು ಒತ್ತಿದೆ. ಸುಮಾರು ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದೇನೆ.

2016ರ ಮಾರ್ಚ್. ಅಮೆರಿಕದ ಅಧ್ಯಕ್ಷ ಪದವಿಗೆ ನಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಟೆಕ್ಸಸ್ಸಿನವರು ಓಟು ಹಾಕಿ ಆರಿಸುವ ದಿನ. ಅದೇ ಪಕ್ಷದೊಳಗೇ ಒಂದು ಕಡೆ ಒಬ್ಬ ಹೆಂಗಸು, ಇನ್ನೊಂದು ಕಡೆ ಒಬ್ಬ ಮುದುಕ. ಆ ಹೆಂಗಸಿಗಾಗಿ ನಾನು ಚಳಿಗಾಲವೆಲ್ಲ ನಮ್ಮೂರು ರಿಚರ್ಡ್‌ಸನ್ನಿನ ಮನೆಮನೆಯ ಬಾಗಿಲು ತಟ್ಟಿದ್ದೆ. ಗಂಡನಿಂದ ದೂರವಾಗಿ ಒಬ್ಬಳೇ ಇದ್ದೆನಲ್ಲ — ನನಗಿದ್ದದ್ದು ಆ ಕೆಲಸ, ಮತ್ತೆ ಶುಕ್ರವಾರ ಶುಕ್ರವಾರ ನಿಮ್ಮ ಮನೆಯ ಜೋಳದ ರೊಟ್ಟಿ. ಅಷ್ಟೇ.

ಅಮೆರಿಕದ ಪೌರತ್ವ ಸಿಕ್ಕ ಮೇಲೆ ಅದು ನಿಮ್ಮ ಮೊದಲ ಓಟು; ನಿಮಗೆ ಇಂಗ್ಲಿಷ್ ಓದಲು ಬಾರದು. ಸಹಾಯಕ್ಕೆಂದು ನನ್ನನ್ನು ಮತಗಟ್ಟೆಗೆ ಕರೆದುಕೊಂಡು ಹೋದಿರಿ. ಒಳಗೆ ನನ್ನಿಂದ ಪ್ರಮಾಣ ಮಾಡಿಸಿದರು — ನೀವು ಹೇಳಿದಂತೆಯೇ ಒತ್ತುತ್ತೇನೆ ಎಂದು. ಓಟಿನ ಯಂತ್ರದ ಪರದೆಯ ಮುಂದೆ ನಿಂತು ನೀವು ಪಿಸುಗುಟ್ಟಿದಿರಿ:

“ಆ ಮುದುಕಗ ಒತ್ತವಾ. ಸಿಟ್ಟಿನಾಗ ಖರೇ ಮಾತಾಡ್ತಾನ, ನಮ್ಮಪ್ಪನಂಗ.”

ನನಗೆ ಮೈ ಉರಿಯಿತು. ಹೆಣ್ಣಾಗಿ ಹೆಣ್ಣಿಗೆ ಹಾಕಬಾರದೇ? ಇವರಿಗೇನು ತಿಳಿಯುತ್ತೆ, ಪಾಪ — ಅಂದುಕೊಂಡೆ. ಎಂಥ ಸೊಕ್ಕು ನನಗೆ! ಹೆಣ್ಣಿನ ಮಾತು ನಡೆಯಲಿ ಎಂದು ಊರೆಲ್ಲ ಕೂಗಿಕೊಂಡು ಬಂದವಳು, ಪಕ್ಕದಲ್ಲಿದ್ದ ಹೆಣ್ಣಿನ ಮಾತನ್ನೇ ನಡೆಸಲಿಲ್ಲ. ಬೆರಳು ತಪ್ಪಿ ಅಲ್ಲ ಆಂಟಿ. ಬೇಕೆಂದೇ ಒತ್ತಿದೆ.

“ಹಾಕಿದೇನವಾ?”

“ಹಾಕಿದೆ ಆಂಟಿ.”

ಓಟು ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನು ನೀವು ಸೆರಗಿಗೆ ಅಂಟಿಸಿಕೊಂಡು ಬಂದು, ಮನೆಯಲ್ಲಿ ದೇವರ ಪಟದ ಚೌಕಟ್ಟಿಗೆ ಹಚ್ಚಿದಿರಿ. ಅದನ್ನು ನೋಡಿದ ಮೇಲೆ ನಿಮ್ಮ ಮನೆಗೆ ಬರುವುದು ನನ್ನಿಂದಾಗಲಿಲ್ಲ. ಕೆಲಸ ಅಂದೆ, ತಲೆನೋವು ಅಂದೆ, ಕೊನೆಗೆ ಆಸ್ಟಿನ್‌ಗೇ ಶಿಫ್ಟ್ ಆದೆ. ಇಲ್ಲಿ ನನ್ನನ್ನು ಊಟಕ್ಕೆ ಕರೆಯುವವರು ಯಾರೂ ಇಲ್ಲ. ಅಂದು ಟೆಕ್ಸಸ್ಸಿನಲ್ಲಿ ಆ ಹೆಂಗಸು ಸುಲಭವಾಗಿ ಗೆದ್ದಳು — ನಿಮ್ಮ ಓಟು ಅವಳಿಗೆ ಬೇಕೇ ಇರಲಿಲ್ಲ.

ಈಗ ಮತ್ತೆ ಅಂಥದೇ ಚುನಾವಣೆ ಹತ್ತಿರ ಬಂದಿದೆ. ನಿನ್ನೆ ಫೋನ್ ಮಾಡಿದಿರಿ:

“ಈ ಸಲಾನೂ ನೀನ ಬರಬೇಕವಾ. ನನ್ನ ಮಗನ್ನ ಕರ್ಕೊಂಡು ಹೋದ್ರ ತನಗ ಬೇಕಾದವರಿಗೆ ಒತ್ತಿಬಿಡ್ತಾನ. ನೀ ಹಂಗ ಮಾಡಾಕಿ ಅಲ್ಲ.”

“ಬರ್ತೇನೆ ಆಂಟಿ,” ಅಂದೆ. ಫೋನ್ ಇಟ್ಟು ಈ ಕಾಗದ ಬರೆಯಲು ಕುಳಿತೆ.

ಶನಿವಾರ ಬರುತ್ತೇನೆ. ರೊಟ್ಟಿಗೆ ಹಿಟ್ಟು ಕಲಸಿಟ್ಟಿದ್ದರೂ ಮೊದಲು ಇದನ್ನು ಓದಿ ಆಂಟಿ. ಈ ಕಾಗದವನ್ನು ಬಾಗಿಲಲ್ಲೇ ನಿಮ್ಮ ಕೈಗೆ ಕೊಡುತ್ತೇನೆ — ಕನ್ನಡದಲ್ಲಿದೆ, ಓದಿ ಹೇಳಲು ಯಾರೂ ಬೇಕಿಲ್ಲ. ಓದಿದ ಮೇಲೆ ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ, ಅದನ್ನು ನೀವೇ ಆರಿಸಿ.