ಕುರ್ಚಿಯಿಲ್ಲದ ಕೋಣೆ

ಆವತ್ತು ಕಚೇರಿಗೆ ಬಂದವಳೇ ರಾಯಭಾರಿ ಮೇಡಂ ತನ್ನ ಕೋಣೆಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿದಳು. ತಾನು ಕೂರುವುದೊಂದು ಉಳಿಯಿತು.

"ಇವನ್ನೆಲ್ಲ ಎಲ್ಲಿಡ್ಲಿ ಮೇಡಂ?" ಎಂದ ಜವಾನ.

"ನನ್ನ ತಲೆ ಮೇಲಿಡು!"

ಪಾಪ, ಅವನಿಗೇನು ಗೊತ್ತು! ಮೇಡಂ ಒಂದು ಕಾಲಕ್ಕೆ ಗಾಜಿನ ಕಾರ್ಖಾನೆಯಲ್ಲಿ ಒಡಕು ಬಾಟಲಿ ಆರಿಸುತ್ತಿದ್ದವಳು. ಸಂಘ ಕಟ್ಟಿ, ಮುಷ್ಕರ ಮಾಡಿಸಿ, ಗೆದ್ದವಳು. ಮಾತಿನಲ್ಲಿ ಎಂಥವರನ್ನೂ ಬಗ್ಗಿಸುತ್ತಾಳೆಂದೇ ಸರ್ಕಾರ ಅವಳನ್ನು ಹೊರದೇಶಕ್ಕೆ ರಾಯಭಾರಿ ಮಾಡಿ ಕಳಿಸಿತ್ತು.

ಆದರೆ ಆ ಗೆಲುವಿಗೆ ಅವಳು ತೆತ್ತದ್ದು ಯಾರಿಗೂ ಬೇಡ. ಮಾತುಕತೆಗೆ ಸಂಘದಿಂದ ಒಬ್ಬರೇ ಬರಬೇಕೆಂದಿದ್ದ ಧಣಿ. ಹೋದರೆ ಕೋಣೆಯಲ್ಲಿ ಒಂದೇ ಕುರ್ಚಿ, ಅದರಲ್ಲಿ ಅವನು. ಕಾಲು ಸೋತರೆ ಹಟವೂ ಸೋಲುತ್ತದೆಂಬ ಲೆಕ್ಕ. ಏಳು ತಿಂಗಳ ಬಸುರಿ ಆರು ಗಂಟೆ ನಿಂತೇ ಇದ್ದಳು. ಮಾರನೆಯ ದಿನ ಮಗು ಹೋಯಿತು. ಮತ್ತೆ ಬಸಿರು ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದಿಂದ ಅವಳ ಹೊಟ್ಟೆಯಲ್ಲಿ ಇದೊಂದೇ ಉರಿ.

ಇವತ್ತು ಅದೇ ಧಣಿ ಬರುತ್ತಿದ್ದಾನೆ. ಈ ದೇಶದಲ್ಲಿ ಅವನ ಬಾಟಲಿ ಮಾರಬೇಕಾದರೆ ಇವಳ ಸಹಿ ಬೇಕು.

"ಹಾಕಿಬಿಡೇ, ಅಲ್ಲಿ ದುಡಿಯೋರು ನಮ್ಮೋರೇ ಅಲ್ವಾ," ಎಂದಿದ್ದ ಗಂಡ, ಬೆಳಿಗ್ಗೆ.

"ಹಾಕ್ತೀನಿ ಕಣ್ರೀ. ಆದ್ರೆ ಅವನ ಬಾಯಿಂದ ತಪ್ಪಾಯ್ತು ಅನ್ನೋ ಮಾತು ಬರ್ಬೇಕು. ಅದು ಬರದೆ ಪೆನ್ನು ಮುಟ್ಟಲ್ಲ."

ಧಣಿ ಕೋಲೂರಿಕೊಂಡು ಬಂದ. ಕುರ್ಚಿಗಾಗಿ ಅತ್ತ ಇತ್ತ ನೋಡಿದ, ಕಾಣಲಿಲ್ಲ. ಆದರೂ ಮುಖದ ತುಂಬ ನಗು.

"ನಮ್ಮ ಕಾರ್ಖಾನೆ ಹೆಣ್ಮಗಳು ಇಷ್ಟು ಮೇಲೆ ಬಂದ್ರಲ್ಲ ಮೇಡಂ! ಎಲ್ರ ಹತ್ರಾನೂ ಹೇಳ್ಕೊಂಡು ತಿರುಗ್ತೀನಿ."

"ಆವತ್ತಿನ ಮಾತುಕತೆ ನೆನಪಿದೆಯಾ?"

"ಅಯ್ಯೋ, ಮರೆಯೋಕಾಗತ್ತಾ! ಇಬ್ರೂ ಎದುರುಬದುರು ಕೂತ್ಕೊಂಡು, ಎಷ್ಟು ಚೆನ್ನಾಗಿ ಬಗೆಹರಿಸ್ಕೊಂಡ್ವಿ!"

ಕೂತ್ಕೊಂಡು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳುತ್ತಿದ್ದರೆ ಉಗಿದು ಕಳಿಸಬಹುದಿತ್ತು. ಆ ಮುಂಡೇದಕ್ಕೆ ನಿಜವಾಗಿಯೂ ನೆನಪಿರಲಿಲ್ಲ.

ನೂರ ಹನ್ನೆರಡು ಪುಟದ ಕಡತವನ್ನು ಅವಳು ಮುಂದಕ್ಕೆಳೆದುಕೊಂಡಳು. "ಓದದೆ ಸಹಿ ಹಾಕೋಳಲ್ಲ ನಾನು. ಅಷ್ಟರಲ್ಲಿ ಯಾರು ಕೂತಿದ್ರು, ಯಾರು ನಿಂತಿದ್ರು, ಸರಿಯಾಗಿ ನೆನಪು ಮಾಡ್ಕೊಳ್ಳಿ."

ಒಂದು ಗಂಟೆಯಾಯಿತು. ಕೋಲು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹೋಯಿತು. ಎರಡು ಗಂಟೆಯಾಯಿತು. ಧಣಿಯ ನಗು ಎಂದೋ ಇಂಗಿಹೋಗಿತ್ತು.

"ನೀವು... ನೀವು ನಿಂತಿದ್ರಿ ಅನ್ಸತ್ತೆ."

"ನಾನೊಬ್ಳೇ ಅಲ್ಲ, ಇಬ್ರು ನಿಂತಿದ್ವಿ," ಎಂದಳು ಅವಳು, ತಲೆಯೆತ್ತದೆ. "ಇನ್ನೊಬ್ರು ಯಾರು, ಹೇಳಿ."

ಮತ್ತೆ ಪುಟ ತಿರುವಿದಳು.