ಯಾರೋ ನೂಲು ಕಟ್ಟಿದ ಮರ

ಘಟ್ಟದ ಬುಡದವ ಎಂಬುದು ಮಾಯಿಲಪ್ಪನಿಗೆ ಆಯುಷ್ಯದ ಮುಕ್ಕಾಲು ಪಾಲು ಬೈಗುಳವಾಗಿತ್ತು, ಆಮೇಲೆ ಒಂದು ದಿನ ಬಿರುದಾಯಿತು. ನಡುವೆ ಅವನು ಸಾಧಿಸಿದ್ದು ಏನೂ ಇಲ್ಲ. ಮಂಗಳೂರು ತನ್ನ ಬುದ್ಧಿ ಬದಲಿಸಿತು, ಅಷ್ಟೆ.

ಅವನು ಹುಟ್ಟಿದ್ದು ಚಾರ್ಮಾಡಿ ಘಾಟಿಯ ಬುಡದಲ್ಲಿ. ಆ ತಪ್ಪಲಿನ ಚರಿತ್ರೆ ಬಲ್ಲವರು ಈಗ ಊರಿಗೊಬ್ಬರು ಇದ್ದಾರೆ. ಹೇರೆತ್ತುಗಳ ಬೆನ್ನಿನ ಮೇಲೆ ಉಪ್ಪು, ಒಣಮೀನು ಘಟ್ಟ ಹತ್ತಿದ್ದು, ಅಕ್ಕಿ, ಬೆಲ್ಲ ಘಟ್ಟ ಇಳಿದದ್ದು, ಎತ್ತಿನ ಕೊರಳ ಗಂಟೆ ಕೇಳಿ ಹುಲಿ ದೂರ ಸರಿದದ್ದು, ಎಲ್ಲವನ್ನೂ ಸೊಗಸಾಗಿ ಹೇಳುತ್ತಾರೆ. ಉಪ್ಪು ಮೇಲೆ ಹೋದದ್ದು ನಿಜ, ಅಕ್ಕಿ ಕೆಳಗೆ ಬಂದದ್ದೂ ನಿಜ. ನಡುವೆ ಬುಡದಲ್ಲಿ ಗುಡಿಸಲು ಹಾಕಿದ್ದವರ ಒಲೆಯ ಹತ್ತಿರ ಎರಡೂ ನಿಲ್ಲಲಿಲ್ಲ ಎಂಬುದನ್ನು ಮಾತ್ರ ಈ ಮಹನೀಯರು ಹೇಳುವುದಿಲ್ಲ.

ತುಳುವರ ಆಷಾಢವಾದ ಆಟಿ ತಿಂಗಳು ಬಂತೆಂದರೆ ಮಳೆ ಕಡಿಯದು, ಕೆಲಸವಿರದು, ಕಳೆದ ಬೆಳೆಯ ಅಕ್ಕಿ ತಳ ಕಂಡಿರುತ್ತಿತ್ತು. ಮಾಯಿಲಪ್ಪನ ತಾಯಿ ತಜಂಕಿನ ಸೊಪ್ಪು, ಕೆಸುವಿನ ದಂಟು, ಎಳೆ ಬಿದಿರಿನ ಕಣಿಲೆ ಹುಡುಕಿಕೊಂಡು ಗುಡ್ಡ ಸುತ್ತುತ್ತಿದ್ದಳು. ಅದೂ ಸಾಲದಾದಾಗ ಬೈನೆ ಮರದ ತಿರುಳು ಕುಟ್ಟಿ, ತೊಳೆದು, ಆ ಹಿಟ್ಟನ್ನು ಬೇಯಿಸಿ ಹಾಕುತ್ತಿದ್ದಳು. ಅಂಥದೊಂದು ಆಟಿಯಲ್ಲಿ ಅಪ್ಪ ಅವನನ್ನು ಸೀಗೆಕಾಯಿ ಹೇರಿದ ಲಾರಿಗೆ ಹತ್ತಿಸಿ ಮಂಗಳೂರಿನ ಬಂದರಿಗೆ ಕಳಿಸಿಬಿಟ್ಟ. ಪೇಟೆಯಲ್ಲಿ ಊಟವಾದರೂ ಸಿಕ್ಕೀತು ಎಂಬುದೇ ಅಪ್ಪನಿಗಿದ್ದ ಆಲೋಚನೆ.

ಊಟ ಸಿಕ್ಕಿತು. ಲಾರಿ ಹೋಗಿ ನಿಂತ ಕಾಡುತ್ಪತ್ತಿಯ ಗೋದಾಮು ನೂರ್ ಮುಹಮ್ಮದನ ತಂದೆಯದು. ಯಜಮಾನರ ಮಗನಾದ ನೂರ್ ಮುಹಮ್ಮದ್ ಅವನ ಓರಗೆಯವನೇ. ಒಬ್ಬ ಕಸ ಗುಡಿಸಿ, ಮೂಟೆ ಹೊತ್ತು, ಕೊನೆಗೆ ಗೋದಾಮಿನ ಮೇಸ್ತ್ರಿಯಾದ. ಇನ್ನೊಬ್ಬ ಗಲ್ಲಾದ ಹಿಂದೆ ಕೂತು ಯಜಮಾನನಾದ. ಇಬ್ಬರ ಗೆಳೆತನ ಮಾತ್ರ ಕೆಡಲಿಲ್ಲ. ಬಂದರಿನ ಉಳಿದವರು ಮಾಯಿಲಪ್ಪನ ಮಾತಿನ ಧಾಟಿ ಆಡಿಕೊಂಡು ನಗುತ್ತಿದ್ದರು. ಅವನೂ ಹುಷಾರಾದ. ಊರು ಯಾವುದೆಂದು ಕೇಳಿದರೆ ಬೆಳ್ತಂಗಡಿ ಪೇಟೆ ಎನ್ನುವುದನ್ನು ಕಲಿತ. ತಂದೆತಾಯಿ ಸತ್ತಾಗ ಹೋಗಿ ಬಂದದ್ದು ಬಿಟ್ಟರೆ ಘಟ್ಟದ ಕಡೆ ತಲೆ ಹಾಕಲಿಲ್ಲ.

ಮದುವೆಯಾದದ್ದು ಬೋಳಾರದ ಕಿನ್ನಿಯನ್ನು. ಹಂಚಿನ ಕಾರ್ಖಾನೆಯ ಕೆಲಸಗಾರನ ಮಗಳು, ಹೊಲಿಗೆ ಮೆಷಿನ್ನಿನವಳು, ನಾಲಿಗೆಯೂ ಸೂಜಿಯಂಥದೇ. ಗಂಡ ಯಾವ ವಿಷಯಕ್ಕಾದರೂ ಎದೆ ಉಬ್ಬಿಸಿದರೆ ಗಾಳಿ ತೆಗೆಯುವುದು ತನ್ನ ಧರ್ಮವೆಂದು ಅವಳು ತಿಳಿದಿದ್ದಳು. ಮಗ ಯೋಗೀಶ್ ದುಬೈಗೆ ಹೋದ, ಉರ್ವದಲ್ಲಿ ಮನೆಯಾಯಿತು, ಸೊಸೆ ಬಂದಳು, ಮೊಮ್ಮಗಳು ಅನುಷ್ಕಾ ಹುಟ್ಟಿದಳು. ಮಾಯಿಲಪ್ಪ ಕೆಲಸ ಬಿಟ್ಟು ಟಿವಿಯ ಮುಂದೆ ಕೂತ. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಆದರೆ ಅಷ್ಟರಲ್ಲಿ ಪೇಟೆಯವರಿಗೆ ಹೊಟ್ಟೆ ತುಂಬಿ, ಹಸಿವು ಹೇಗಿತ್ತು ಎಂದು ನೋಡುವ ಆಸೆ ಹುಟ್ಟಿತ್ತು. ಆಟಿಯ ಉಪವಾಸವನ್ನು ಎಸಿ ಸಭಾಂಗಣದಲ್ಲಿ ಹಬ್ಬ ಮಾಡತೊಡಗಿದರು. ತಜಂಕಿನ ವಡೆ, ಕಣಿಲೆಯ ಗಸಿ, ಪತ್ರೊಡೆ, ಏಡಿ ಸುಕ್ಕ, ಜೊತೆಗೆ ಐಸ್‌ಕ್ರೀಂ. ಫೋಟೋ ತೆಗೆಸಿಕೊಳ್ಳಲು ಒಂದು ಅಡಿಕೆ ಹಾಳೆಯ ಟೊಪ್ಪಿ. ಇಂಥ ಹಬ್ಬಗಳಲ್ಲಿ ಎಲ್ಲಕ್ಕಿಂತ ದೊಡ್ಡದು 'ತಪ್ಪಲು ಬಳಗ'ದ್ದು. ಅದರ ಅಧ್ಯಕ್ಷ ಜಯಪಾಲ ಪೇಟೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವನು, ಘಟ್ಟದ ಬುಡದಲ್ಲಿ ರೆಸಾರ್ಟ್ ಕಟ್ಟಿದವನು. ಗುಡ್ಡ ಅಗೆದವನಿಗೇ ಗುಡ್ಡದ ಮೇಲೆ ಪ್ರೀತಿ ಜಾಸ್ತಿ.

ಈ ಜಯಪಾಲನ ಕಣ್ಣಿಗೆ ಮಾಯಿಲಪ್ಪ ಬಿದ್ದದ್ದು ಉರ್ವ ಮಾರ್ಕೆಟಿನಲ್ಲಿ, ಕಣಿಲೆಯನ್ನು ಎಷ್ಟು ನೀರಿನಲ್ಲಿ ನೆನೆಸಬೇಕು ಎಂದು ಯಾರಿಗೋ ಹೇಳುತ್ತಿದ್ದಾಗ. ಮುಂದಿನ ವಾರವೇ ಶಾಲು, ಮೈಕು, ಮೂಲನಿವಾಸಿ ಹಿರಿಯರು ಎಂಬ ಪರಿಚಯ. ಮಾಯಿಲಪ್ಪ ಮೊದಲ ಭಾಷಣದಲ್ಲಿ ಹಸಿವಿನ ಮಾತು ಎತ್ತಿದ. ಸಭೆ ಆಕಳಿಸಿತು. ಎರಡನೆಯದರಲ್ಲಿ ಬೈನೆ ಹಿಟ್ಟಿನ ರೊಟ್ಟಿಯ ಪರಿಮಳ, ಅದಕ್ಕೆ ಸವರಿದ ಜೇನುತುಪ್ಪದ ಸಂಗತಿ ಹೇಳಿದ. ಚಪ್ಪಾಳೆ ಬಿತ್ತು. ಜೇನುತುಪ್ಪವನ್ನು ಅವನು ಕಂಡದ್ದು ನೂರ್ ಮುಹಮ್ಮದನ ಗೋದಾಮಿನ ಡಬ್ಬಗಳಲ್ಲಿ. ಅವನೂ ದಡ್ಡನಲ್ಲ, ಯಾವ ಸರಕಿಗೆ ಬೇಡಿಕೆ ಉಂಟು ಎಂದು ಗೊತ್ತಾಯಿತು, ಅದನ್ನೇ ಇಳಿಸುತ್ತ ಹೋದ.

ಆಟಿಯ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುವುದು ಈ ನಾಡಿನ ಪದ್ಧತಿ. ತೊಗಟೆ ತರುವುದಕ್ಕೂ ಕಟ್ಟುನಿಟ್ಟು ಉಂಟು. ಹಿಂದಿನ ಸಂಜೆ ಮರ ಗುರುತಿಸಿ ಅದಕ್ಕೆ ನೂಲು ಕಟ್ಟಿ ಬರಬೇಕು. ಮರುದಿನ ಸೂರ್ಯ ಏಳುವ ಮೊದಲೇ ಹೋಗಿ, ದೀಪ ಹಿಡಿಯದೆ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಬಳಗಕ್ಕೆ ತೊಗಟೆ ತರುವ ಗೌರವ ಮಾಯಿಲಪ್ಪನದಾಯಿತು. ಘಟ್ಟದ ಬುಡದಿಂದಲೇ ತಂದೆ ಎಂದು ಅವನು ಪ್ರತಿವರ್ಷ ಹೇಳುತ್ತಿದ್ದ. ತರುತ್ತಿದ್ದದ್ದು ಬೋಳಾರದಲ್ಲಿ ಕಿನ್ನಿಯ ತವರಿನ ಹಿಂದಿದ್ದ ಖಾಲಿ ಜಾಗದ ಮರದಿಂದ. ಅದು ಖಂಡಿತ ಪಾಲೆಯೇ ಎಂದು ಕಿನ್ನಿಯ ಅಜ್ಜನ ಕಾಲದಿಂದ ಎಲ್ಲರಿಗೂ ಗೊತ್ತಿತ್ತು. ಆಟೋದಲ್ಲಿ ಹೋಗಿ ಬರುವಷ್ಟು ದೂರದ ಕಾಡು.

ಈ ಬೇಸಗೆಯಲ್ಲಿ ಆ ಜಾಗ ಮಾರಾಟವಾಗಿ ಮರ ಉರುಳಿತು. ಕಟ್ಟಡ ಜಯಪಾಲನದೇ.

ಬೇರೆ ದಾರಿ ಇಲ್ಲದೆ ಮಾಯಿಲಪ್ಪ ಈ ಸಲ ನಿಜವಾಗಿಯೂ ಘಟ್ಟದ ಬುಡಕ್ಕೆ ಹೊರಟ. ಅಮಾವಾಸ್ಯೆ ಆದಿತ್ಯವಾರವೇ ಬಿದ್ದಿತ್ತು. ಶನಿವಾರ ಜಯಪಾಲನ ಕಾರು ಅವನನ್ನು ರೆಸಾರ್ಟಿಗೆ ಮುಟ್ಟಿಸಿತು. ತಾನು ಹುಟ್ಟಿದ ಜಾಗ ಯಾವುದೆಂದು ಅವನಿಗೆ ಗುರುತು ಹತ್ತಲಿಲ್ಲ. ರಸ್ತೆಯ ಬದಿಯ ಕಾಡಿನಲ್ಲಿ ಅಲೆದು ಅಲೆದು, ಕೊಡೆಯ ಹಾಗೆ ಎಲೆ ಬಿಡಿಸಿದ ಮರವೊಂದನ್ನು ಹಿಡಿದ. ಉಗುರಿನಿಂದ ಗೀರಿದಾಗ ಹಾಲು ಒಸರಿತು, ಪಾಲೆಯೇ. ಕಿನ್ನಿಯ ಹೊಲಿಗೆ ಡಬ್ಬಿಯಿಂದ ತಂದ ಬಿಳಿ ನೂಲು ಕಟ್ಟಿದ. ಸ್ಥಳದವರೊಬ್ಬರನ್ನು ಕರೆದು ಸರಿಯಾ ಎಂದು ಕೇಳಬಹುದಿತ್ತು, ಬೆಳಿಗ್ಗೆ ಜೊತೆಗೆ ಬನ್ನಿ ಎನ್ನಬಹುದಿತ್ತು. ಕೇಳಲಿಲ್ಲ. ಶಾಲು ಹೊದ್ದವನು ದಾರಿ ಕೇಳಿದ ಎಂದು ಸುದ್ದಿಯಾದರೆ ಮಾನ ಎಲ್ಲಿ ಉಳಿಯುತ್ತದೆ?

ನಸುಕಿನಲ್ಲಿ ಹೋದಾಗ ಮಳೆ ಹುಯ್ಯುತ್ತಿತ್ತು. ಕೈಯಿಂದ ಮರಗಳನ್ನು ಸವರುತ್ತ ಹೋದ. ನೂಲು ಸಿಕ್ಕಿತು. ಎರಡು ಹೆಜ್ಜೆ ಆಚೆ ಇನ್ನೊಂದು ಮರ, ಅದಕ್ಕೂ ನೂಲು. ಆಚೆಯದಕ್ಕೂ ನೂಲು. ಮಂಗಳೂರಿನಿಂದ, ಉಡುಪಿಯಿಂದ ಎಷ್ಟು ಬಳಗಗಳ ಎಷ್ಟು ಹಿರಿಯರು ರಾತ್ರಿಯೊಳಗೆ ಬಂದು ಸಿಕ್ಕಿದ ಮರಕ್ಕೆಲ್ಲ ನೂಲು ಸುತ್ತಿ ಹೋಗಿದ್ದರೋ, ದೇವರೇ ಬಲ್ಲ. ಹಾಲು ಬರುತ್ತದೋ ಎಂದು ಗೀರಿದ, ಮಳೆ ತೊಳೆದುಕೊಂಡು ಹೋಯಿತು. ಅಷ್ಟರಲ್ಲಿ ರಸ್ತೆಯಿಂದ ಕಾರಿನವನು ಹಾರ್ನ್ ಹೊಡೆಯತೊಡಗಿದ. ಇದೇ ಇರಬೇಕೆಂದು ಒಂದು ಮರವನ್ನು ಜಜ್ಜಿ ಚೀಲ ತುಂಬಿಸಿದ.

ಉಜಿರೆ ದಾಟುವಾಗ ಬೆಳಕಾಯಿತು. ಚೀಲ ಬಿಚ್ಚಿ ನೋಡಿದ. ತೊಗಟೆಯ ಚೂರಿಗೆ ನೂಲೂ ಅಂಟಿಕೊಂಡು ಬಂದಿತ್ತು. ಅದು ಬಿಳಿಯದಲ್ಲ, ಕೈಗೆ ಕಟ್ಟಿಕೊಳ್ಳುವ ಕೆಂಪು-ಹಳದಿ ದಾರ. ಅಂದರೆ ಮರ ಇನ್ಯಾರದೋ. ಆ ಪುಣ್ಯಾತ್ಮ ಕಟ್ಟಿದ್ದು ಪಾಲೆಗೋ, ಕಾಸರಕಕ್ಕೋ? ಕತ್ತಲೆಯಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದು ಕುಡಿದವರು ಮೈ ಸೆಟೆದು ಸತ್ತ ಸುದ್ದಿಯನ್ನು ಅವನು ಚಿಕ್ಕಂದಿನಲ್ಲೇ ಕೇಳಿದ್ದ. ಎರಡೂ ಕಹಿಯೇ. ನಾಲಿಗೆಗೆ ಗೊತ್ತಾಗುವುದಿಲ್ಲ.

ಅವನು ನೂರ್ ಮುಹಮ್ಮದನಿಗೆ ಫೋನ್ ಮಾಡಿದ. ಇಷ್ಟು ವರ್ಷ ತೊಗಟೆ ವ್ಯಾಪಾರ ಮಾಡಿದ್ದೀಯಲ್ಲ, ನೋಡಿದರೆ ಹೇಳುತ್ತೀಯಾ ಎಂದು ಕೇಳಿದ.

"ನಾನು ತೊಗಟೆ ಮಾರಿದ್ದು ಮಾರಾಯ, ಮರ ನೋಡಿದ್ದೇ ಇಲ್ಲ," ಎಂದ ನೂರ್ ಮುಹಮ್ಮದ್. "ಸಂಶಯ ಉಂಟಾದ್ರೆ ಚೆಲ್ಲು."

ಚೆಲ್ಲುವುದು ಸುಲಭ. ಚೆಲ್ಲಿ ಬರಿಗೈಯಲ್ಲಿ ಹೋದರೆ ಏನೆನ್ನುವುದು? ಈ ವರ್ಷ ಜೀವಮಾನದ ಸನ್ಮಾನ ಬೇರೆ ಇತ್ತು, ತಟ್ಟೆಯಲ್ಲಿ ಶಾಲು ಮಡಚಿ ಇಟ್ಟಾಗಿತ್ತು, ಯೋಗೀಶ್ ದುಬೈಯಿಂದ ಲೈವ್ ನೋಡುವವನಿದ್ದ. ಪಾಲೆಯೇ ಇರಬಹುದು ಎಂದು ಬಂಟ್ವಾಳದವರೆಗೆ ಅಂದುಕೊಂಡ. ಪಾಲೆಯೇ ಎಂದು ಪಂಪ್‌ವೆಲ್ಲಿನವರೆಗೆ ಅಂದುಕೊಂಡ. ಮನುಷ್ಯನಿಗೆ ಸನ್ಮಾನ ಬೇಕಾದಾಗ ಕಾಡಿನ ಯಾವ ಮರವೂ ಪಾಲೆಯಾಗುತ್ತದೆ.

ಸಭಾಂಗಣದಲ್ಲಿ ಬಳಗದ ಮಹಿಳೆಯರು ತೊಗಟೆಯನ್ನು ಕೈಯಿಂದ ಕಸಿದುಕೊಂಡೇ ಹೋದರು. ಮಿಕ್ಸಿಯಲ್ಲಿ ಅರೆದು, ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ವೇದಿಕೆಯ ಮೇಲಿನ ಹಂಡೆಗೆ ಹಾಕಿದರು. ಚೊಯ್ಯೆಂದು ಹೊಗೆ ಬಂತು. ಫೋಟೋದವನಿಗೆ ಹೊಗೆ ಸಿಗಲಿಲ್ಲವೆಂದು ಕಲ್ಲನ್ನು ಮತ್ತೆ ಕಾಯಿಸಿ ಮತ್ತೆ ಹಾಕಿದರು. ಮಾಯಿಲಪ್ಪ ಮೂಲೆಯಲ್ಲಿ ಬೆವರುತ್ತಿದ್ದ. ಕಿನ್ನಿ ಹತ್ತಿರ ಬಂದು ಮುಖ ನೋಡಿದಳು. ಅವಳೆದುರು ಅವನು ಯಾವತ್ತೂ ಏನನ್ನೂ ಮುಚ್ಚಿಟ್ಟವನಲ್ಲ, ಮುಚ್ಚಿಡಲು ಅವಳು ಬಿಟ್ಟವಳೂ ಅಲ್ಲ. ಕಿಸೆಯಿಂದ ಆ ಕೆಂಪು-ಹಳದಿ ದಾರ ತೆಗೆದು ತೋರಿಸಿ ವಿಷಯ ಹೇಳಿದ.

ಕಿನ್ನಿ ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆಯಾದದ್ದು. "ಮೊದಲ ಗ್ಲಾಸು ಅನುಷ್ಕಾಗೆ ಕೊಡ್ತಾರಂತೆ, ನಿಮ್ಮ ಮೊಮ್ಮಗಳು ಅಂತ," ಎಂದಳು. "ನೀವು ಹೇಳ್ತೀರಾ, ನಾನು ಹೇಳಬೇಕಾ?"

ಮಾಯಿಲಪ್ಪ ವೇದಿಕೆ ಹತ್ತಿದ. ಮೈಕ್ ಹಿಡಿದು, "ಇದು ಪಾಲೆ ಹೌದೋ ಅಲ್ವೋ ನನಗೆ ಗೊತ್ತಿಲ್ಲ. ಕತ್ತಲೆಯಲ್ಲಿ ಯಾರೋ ನೂಲು ಕಟ್ಟಿದ ಮರದ್ದು ತಂದಿದ್ದೇನೆ. ಕಾಸರಕವೂ ಆಗಿರಬಹುದು. ಯಾರೂ ಕುಡಿಯಬೇಡಿ," ಎಂದ. ಹಿಂದಿನ ವರ್ಷಗಳದ್ದು ಘಟ್ಟದ್ದೇ ಅಲ್ಲ, ಬೋಳಾರದ್ದು ಎಂದೂ ಸೇರಿಸಿದ.

ಸಭೆ ಗೊಳ್ಳೆಂದು ನಕ್ಕಿತು. ಜಯಪಾಲ ಬಂದು ಅವನ ಹೆಗಲು ತಬ್ಬಿ ಮೈಕ್ ತೆಗೆದುಕೊಂಡ. "ನೋಡಿ, ಹಿರಿಯರ ವಿನಯ ಅಂದ್ರೆ ಇದು," ಎಂದ. "ಎಲ್ಲ ಗೊತ್ತಿದ್ದವರು ಮಾತ್ರ ಗೊತ್ತಿಲ್ಲ ಅಂತ ಹೇಳ್ತಾರೆ."

ಚಪ್ಪಾಳೆಯೋ ಚಪ್ಪಾಳೆ. ಜೇನುತುಪ್ಪದ ಸುಳ್ಳನ್ನು ನಂಬಿದ ಜನ ಈಗ ಅವನ ನಿಜವನ್ನು ತಮಾಷೆಯೆಂದು ಸವಿದರು. ಬರಿಹೊಟ್ಟೆಯಲ್ಲಿ ಬಂದವರಿಗೆ ತಡೆಯಲಾಗುತ್ತಿರಲಿಲ್ಲ, ಆಚೆ ಮೇಜಿನ ಮೇಲೆ ಮೆಂತೆ ಗಂಜಿ, ಪತ್ರೊಡೆ ಪರಿಮಳ ಬೀರುತ್ತಿದ್ದವು. ಸಾಲು ನಿಂತೇಬಿಟ್ಟಿತು. ಸೀರೆಯುಟ್ಟು ಸಿಂಗರಿಸಿಕೊಂಡಿದ್ದ ಅನುಷ್ಕಾಳ ಕೈಗೆ ಮೊದಲ ಗ್ಲಾಸು ಬಂತು. ಅವಳು ಕ್ಯಾಮೆರಾ ನೋಡಿ ನಕ್ಕು, ಗ್ಲಾಸನ್ನು ಬಾಯಿಯ ಹತ್ತಿರ ತಂದಳು.

ಮಾಯಿಲಪ್ಪ ಅದನ್ನು ಕೈಬೀಸಿ ಹೊಡೆದ. ಆಮೇಲೆ ಮೂಟೆ ಎತ್ತಿ ಪಳಗಿದ ಹೆಗಲನ್ನು ಹಂಡೆಗೆ ಕೊಟ್ಟು ನೂಕಿದ. ಹಸುರು ಕಷಾಯ ವೇದಿಕೆಯ ಕಾರ್ಪೆಟ್ಟಿನ ಮೇಲೆ, ಜಯಪಾಲನ ರೇಷ್ಮೆ ಪಂಚೆಯ ಮೇಲೆ, ಅನುಷ್ಕಾಳ ಸೀರೆಯ ಮೇಲೆ ಹರಿಯಿತು. ಅನುಷ್ಕಾ ಅಳತೊಡಗಿದಳು. ಮುದುಕನಿಗೆ ತಲೆ ಸರಿಯಿಲ್ಲ ಎಂದರು, ಕುಡಿದು ಬಂದಿದ್ದಾನೆ ಎಂದರು, ಇಂಥವರನ್ನು ವೇದಿಕೆಗೆ ಹತ್ತಿಸಬಾರದಿತ್ತು ಎಂದರು. ಹಿರಿಯರ ವಿನಯ ಎಂದಿದ್ದ ಜಯಪಾಲನೇ ಎರಡು ಆಳು ಕರೆದು ಅವನನ್ನು ಹೊರಗೆ ಕಳಿಸಲು ಹೇಳಿದ. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಯಾರೋ ಸ್ಕೂಟರಿನಲ್ಲಿ ಹೋಗಿ ಅಂಗಡಿಯಿಂದ ಕಷಾಯದ ಪುಡಿ ತಂದರು, ಬಿಸಿನೀರಿಗೆ ಕಲಕಿದರು, ಬೆಣಚುಕಲ್ಲನ್ನು ಮತ್ತೊಮ್ಮೆ ಕಾಯಿಸಿ ಹಾಕಿದರು. ಎಲ್ಲರೂ ಕುಡಿದು, ಪರಂಪರೆ ಉಳಿಯಿತೆಂದು ಸಮಾಧಾನಪಟ್ಟು, ಹೊಟ್ಟೆ ಬಿರಿಯ ಉಂಡರು. ತಟ್ಟೆಯಲ್ಲಿದ್ದ ಶಾಲನ್ನು ಅಡುಗೆ ಕಂಟ್ರಾಕ್ಟರಿಗೆ ಹೊದಿಸಿದರಂತೆ.

ಅನುಷ್ಕಾ ಅಜ್ಜನ ಮುಖ ನೋಡದೆ ತಾಯಿಯ ಜೊತೆ ಒಳಗೇ ಉಳಿದಳು. ಕಿನ್ನಿ ಗಂಡನನ್ನು ಕರೆದುಕೊಂಡು ಬಸ್ ಸ್ಟಾಪಿಗೆ ಬಂದಳು. ಜನರನ್ನು ಬದುಕಿಸಿದೆ ಎಂಬ ಹೆಮ್ಮೆ ಅವನಲ್ಲಿ ಇದ್ದಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು. ಇರಲಿಲ್ಲ. ಅವನಿಗೆ ಶಾಲು ಹೋದ ದುಃಖವೇ ದೊಡ್ಡದಾಗಿತ್ತು. ಸಿಟಿ ಬಸ್ಸಿನ ಕಿಟಕಿಯ ಬದಿಯಲ್ಲಿ ಮುದುಡಿ ಕೂತು ಕೇಳಿದ.

"ಅದು ಪಾಲೆಯೇ ಆಗಿದ್ದರೆ?"

ಕಿನ್ನಿ ಸೆರಗಿನಿಂದ ಅವನ ತೋಳಿಗೆ ಮೆತ್ತಿದ್ದ ಹಸುರನ್ನು ಒರೆಸುತ್ತಿದ್ದಳು.

"ಆಗಿದ್ದರೆ ನೀವು ಪೆದ್ದ," ಎಂದಳು. "ಅಲ್ಲದಿದ್ದರೆ ಅನುಷ್ಕಾಳ ಜೀವ ಉಳೀತು. ನಿಮಗೆ ಪೆದ್ದ ಆಗಿ ಅಭ್ಯಾಸ ಉಂಟಲ್ಲ, ಎಂತ ಚಿಂತೆ?"