ಗುಡ್ಡದಮ್ಮನನ್ನು ಬೈಯಲು ಹೋದ ಮಂಗಳವಾರ

ಕಳೆದ ಡಿಸೆಂಬರ್ ಕೊನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನನ್ನ ಐದೂವರೆ ವರ್ಷದ ಮಗಳು ಧನ್ಯ ನಮ್ಮ ಮನೆಯ ಅಂಗಳದಿಂದ ಕಾಣೆಯಾದಳು. ಗುಡ್ಡದಮ್ಮನಿಗೆ ನಡೆದುಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ತಾಯಿಯ ಮಹಿಮೆ ಬರೆಯುವವರು ಸಾಮಾನ್ಯವಾಗಿ ಕಣ್ಣೊರೆಸಿಕೊಂಡು ಶಾಂತವಾಗಿ ಬರೆಯುತ್ತಾರೆ. ನನ್ನಿಂದ ಅದಾಗದು. ಇಷ್ಟು ದಿನ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಈಗಲೇ ಕೇಳಬೇಡಿ, ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ.

ನಮ್ಮದು ಆನೇಮಹಲ್ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಎಸ್ಟೇಟಿನ ಬೇಲಿಗೆ ಅಂಟಿಕೊಂಡ ಮನೆ. ನನ್ನ ಗಂಡ ಲೋಕೇಶ್ ಅದೇ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ನಾನು ನಾಲ್ಕು ವರ್ಷದಿಂದ ಮನೆಯಲ್ಲೇ ಕಡುಬು ಮಾಡಿ ದೋಣಿಗಲ್ ಕಡೆಯ ಹೋಂಸ್ಟೇಗಳಿಗೆ ಕಳಿಸುತ್ತೇನೆ. ಕೋಳಿ ಕೂಗುವ ಮೊದಲೇ ಎದ್ದು ಅಕ್ಕಿ ತರಿ ಬೇಯಿಸಿ, ಬಿಸಿ ಆರುವ ಮೊದಲು ಕೈ ಸುಟ್ಟುಕೊಂಡು ಉಂಡೆ ಕಟ್ಟಿ, ಹಬೆಯಲ್ಲಿಟ್ಟು, ಬಾಳೆಎಲೆ ಹಾಸಿದ ಡಬ್ಬಕ್ಕೆ ತುಂಬಿ ಒಂಬತ್ತರ ಬಸ್ಸಿಗೆ ಹಾಕಬೇಕು. ಕಂಡಕ್ಟರ್ ಅದನ್ನು ದೋಣಿಗಲ್ಲಿನಲ್ಲಿ ಇಳಿಸಿಕೊಡುತ್ತಾರೆ. ಇದರ ನಡುವೆ ಮಗಳ ಜಡೆ, ಅತ್ತೆಯ ಮಾತ್ರೆ, ಗಂಡನ ತಿಂಡಿ. ಆದರೂ ನಮ್ಮ ಮನೆಯಲ್ಲಿ ದುಡಿಯುವವರು ಎಂದರೆ ಅವರೊಬ್ಬರೇ, ನಾನು ಮನೆಯಲ್ಲಿರುವವಳು. ನೆಂಟರು ಕೇಳಿದರೆ, "ಏನೋ ಟೈಂಪಾಸಿಗೆ ಕಡುಬು ಮಾಡ್ತಾಳೆ ಕಣ್ರೀ" ಎನ್ನುತ್ತಿದ್ದರು ನನ್ನ ಗಂಡ. ಟೈಂಪಾಸಂತೆ! ಆ ಹಬೆಯ ಪಾತ್ರೆಯ ಮುಂದೆ ಒಂದೇ ಒಂದು ದಿನ ನಿಂತು ನೋಡಬೇಕಿತ್ತು.

ಮೀಸಲಿನ ಪದ್ಧತಿ ನಿಮ್ಮಲ್ಲಿ ಹಳಬರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಮಂಗಳವಾರ ಪಾತ್ರೆಯಿಂದ ತೆಗೆದ ಮೊದಲ ಕಡುಬು ಗುಡ್ಡದಮ್ಮನಿಗೆ ಮೀಸಲು. ಅದನ್ನು ಯಾರೂ ರುಚಿ ನೋಡುವಂತಿಲ್ಲ. ಎಲೆಯಲ್ಲಿ ಕಟ್ಟಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ತೋಟದೊಳಗಿನ ದಾರಿಯಲ್ಲಿ ಗುಡ್ಡ ಹತ್ತಿ, ತಾಯಿಯ ಮುಂದಿಟ್ಟು ದೀಪ ಹಚ್ಚುವವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಮಾತಾಡಿದರೆ ಮೀಸಲು ಮುರಿಯುತ್ತದೆ. ನಮ್ಮ ಅತ್ತೆ ನನಗೆ ಕಲಿಸಿದರು, ನಾನು ಧನ್ಯಳಿಗೆ ಕಲಿಸಿದೆ. ಎರಡು ವರ್ಷದಿಂದ ಅವಳೂ ಬಾಯಿಗೆ ಪುಟ್ಟ ಕರ್ಚೀಫು ಕಟ್ಟಿಸಿಕೊಂಡು ನನ್ನ ಜೊತೆ ಬರುತ್ತಿದ್ದಳು. ಆದರೆ ಡಿಸೆಂಬರ್ ಬಂತು, ಪ್ರವಾಸಿಗರು ಬಂದರು, ನನಗೆ ಉಸಿರಾಡಲೂ ಬಿಡುವಿಲ್ಲ. ಮೂರು ಮಂಗಳವಾರ ಮೀಸಲು ತೆಗೆದಿಟ್ಟು, ಸಂಜೆ ಹೋದರಾಯಿತು ಎಂದುಕೊಂಡೆ. ಒಂದು ಸಂಜೆಯೂ ಹೋಗಲಾಗಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಂಡೆ.

ನಾಲ್ಕನೆಯ ಮಂಗಳವಾರ ಧನ್ಯಳ ಶಾಲೆಗೆ ಕ್ರಿಸ್ಮಸ್ ರಜೆ. ನನಗೆ ನೂರೈವತ್ತು ಕಡುಬಿನ ಆರ್ಡರ್. ಬೆಳಿಗ್ಗೆಯೇ ಅರಣ್ಯ ಇಲಾಖೆಯಿಂದ ಎಲ್ಲರ ಫೋನಿಗೂ ಸಂದೇಶ ಬಂದಿತ್ತು: ಎಸ್ಟೇಟಿನ ಮೇಲಿನ ತೋಟದಲ್ಲಿ ಆನೆಗಳಿವೆ, ಯಾರೂ ಹೋಗಬಾರದು. ಕಾಫಿ ಕೊಯ್ಲು ನಿಂತು, ನನ್ನ ಗಂಡ ಅಪರೂಪಕ್ಕೆ ಆ ಹೊತ್ತಿನಲ್ಲಿ ಮನೆಯಲ್ಲಿದ್ದರು.

"ರೀ, ನಾನು ಡಬ್ಬ ಬಸ್ಸಿಗೆ ಹಾಕಿ ಬರ್ತೀನಿ. ಅಲ್ಲೀ ತನಕ ಮಗೂನ ನೋಡ್ಕೊಳ್ಳಿ" ಎಂದೆ.

"ಹೋಗ್ಬಾ ಮಾರಾಯ್ತಿ, ನೋಡ್ಕೋತೀನಿ" ಎಂದರು. ತಲೆ ಎತ್ತಲಿಲ್ಲ. ಯಾರೋ ಕಳಿಸಿದ ಆನೆ ವಿಡಿಯೋ ನೋಡುತ್ತಿದ್ದರು.

ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ನಾನು ವಾಪಸು ಬಂದಾಗ ಅವರು ಕುಳಿತಲ್ಲೇ ಇದ್ದರು. "ಧನ್ಯ ಎಲ್ಲಿ?" ಎಂದೆ.

"ನಿನ್ ಹಿಂದೇನೆ ಬರ್ಲಿಲ್ವಾ?"

ಬಚ್ಚಲು, ಸೌದೆ ಕೊಟ್ಟಿಗೆ, ಮಂಚದ ಕೆಳಗೆ, ಎಲ್ಲೂ ಇಲ್ಲ. ದಿನಾ ನನ್ನ ಜೊತೆ ಬಸ್‌ ಸ್ಟಾಪಿಗೆ ಬರುವ ಹುಡುಗಿ, ಹಾಗಾಗಿ ಎಲ್ಲರ ಬುದ್ಧಿಯೂ ರಸ್ತೆಯ ಕಡೆಗೇ ಓಡಿತು. ನಾನು ಕಂಡಕ್ಟರಿಗೆ ಫೋನ್ ಮಾಡಿದೆ. "ಇಲ್ಲ ಕಣಕ್ಕ, ಯಾವ ಮಗೂನೂ ಹತ್ತಿಲ್ಲ. ಇರಿ, ಇನ್ನೊಂದ್ಸಲ ಸೀಟ್ ಕೆಳಗೆಲ್ಲ ನೋಡ್ತೀನಿ" ಎಂದರು. ಬಸ್ಸು ನಿಲ್ಲಿಸಿ ನೋಡಿದರಂತೆ. ಆ ಪುಣ್ಯಾತ್ಮನ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಹೆದ್ದಾರಿಯಲ್ಲಿ ಟ್ಯಾಂಕರ್, ಲಾರಿ ಒಂದರ ಹಿಂದೆ ಒಂದು. ಪ್ರತಿ ಸಲ ಬ್ರೇಕಿನ ಸದ್ದು ಕೇಳಿದಾಗಲೂ ನಾನು ರಸ್ತೆಗೆ ಓಡುತ್ತಿದ್ದೆ. ನೆರೆಯ ಇಬ್ಬರು ಬೈಕಿನಲ್ಲಿ ದೋಣಿಗಲ್ ತನಕ ಹೋಗಿ ಬಂದರು. ಕೆರೆಯ ದಡ ನೋಡಿದರು. ಪೊಲೀಸರಿಗೂ ಹೇಳಿದೆವು.

ಈ ನಡುವೆ ನನ್ನ ಫೋನು ಬಡಿದುಕೊಂಡಿತು. ಯಾರೋ ಮಗು ಸಿಕ್ಕಿತೆಂದು ಹೇಳುತ್ತಾರೆಂದು ಎತ್ತಿದರೆ ಹೋಂಸ್ಟೇ ಮ್ಯಾನೇಜರ್. "ಮೇಡಂ, ಕಡುಬು ಬಂತು, ಚಟ್ನಿ ಎಲ್ಲಿ?" ಎಂದ. ಮಗಳು ಕಾಣುತ್ತಿಲ್ಲ ಎಂದೆ. "ಅಯ್ಯೋ, ಸಿಕ್ತಾಳೆ ಬಿಡಿ. ಚಟ್ನಿ ಆಟೋದಲ್ಲಾದ್ರೂ ಕಳಿಸ್ತೀರಾ?" ಎಂದ. ಅವನಿಗೆ ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ, ಇದು ದೇವರ ವಿಷಯ ಓದುವ ಜಾಗ.

ಅದಕ್ಕಿಂತ ಉರಿದದ್ದು ನನ್ನ ಗಂಡನ ಮಾತು. ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. ಅವರೆದುರು, "ಯಾವಾಗ್ ನೋಡಿದ್ರೂ ಯಾಪಾರ, ಯಾಪಾರ! ಮಗೂನ ಕಳ್ದ್‌ಬುಟ್ಲು ಕಣ್ರೀ" ಎಂದು ತಲೆ ಚಚ್ಚಿಕೊಂಡರು. ಮಗು ಯಾರ ಕಣ್ಣೆದುರು ಇತ್ತು? ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡವರು ಯಾರು? ಒಬ್ಬರಾದರೂ ಕೇಳಿದರೇ? ಇಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಯಾರೋ ಒಬ್ಬರು ಮೇಲೆ ತೋಟದ ಕಡೆ ನೋಡೋಣವೇ ಎಂದರು. "ಮೇಲೆ ಆನೆ ಐತೆ ಕಣೋ, ಮಗ ಅಲ್ಲಿಗ್ಯಾಕ್ ಹೋಯ್ತದೆ?" ಎಂದು ಇನ್ನೊಬ್ಬರು ತಡೆದರು. ಕೊನೆಗೆ ನನ್ನ ಗಂಡ ಮತ್ತು ಇಬ್ಬರು ಬೇಲಿ ದಾಟಿ ಅರ್ಧ ದಾರಿ ಹತ್ತಿ, "ಧನ್ಯಾ, ಧನ್ಯಾ" ಎಂದು ಗಂಟಲು ಹರಿಯುವಂತೆ ಕೂಗಿದರು. ಮೇಲಿನಿಂದ ಕೊಂಬೆ ಮುರಿಯುವ ಸದ್ದು ಬಂತಂತೆ. ಇಳಿದು ಬಂದರು. "ಅಲ್ಲಿಲ್ಲ. ಇದ್ದಿದ್ರೆ ಓಗೊಡ್ತಿತ್ತು" ಎಂದರು. ನಾನೂ ನಂಬಿದೆ.

ಹನ್ನೊಂದೂವರೆ ಆಗಿತ್ತು. ಒಲೆಯ ಮೇಲೆ ಬಿಟ್ಟಿದ್ದ ಪಾತ್ರೆಯ ನೀರು ಬತ್ತಿ, ಮನೆಗೆಂದು ಇಟ್ಟಿದ್ದ ಕೊನೆಯ ಸುತ್ತಿನ ಕಡುಬು ಸೀದು ಮನೆಯೆಲ್ಲ ಹೊಗೆ. ಒಳಗೆ ಹೋಗಿ ಪಾತ್ರೆ ಇಳಿಸಿದೆ. ಸೀದದ್ದನ್ನು ಕೆರೆಯಲು ಹಿಡಿದ ಸೌಟು ಕೈಯಲ್ಲೇ ಇತ್ತು. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಮೂಗೊರೆಸಿಕೊಂಡು, "ಮೂರು ವಾರ ಮೀಸ್ಲು ತಪ್ಸಿದ್ಯಲ್ಲಮ್ಮಿ, ಅದ್ಕೇ ಗುಡ್ಡದಮ್ಮ ಕೂಸ್ನ ತಗೊಂಡ್ಲು" ಎಂದರು.

ನನ್ನ ತಲೆಯಲ್ಲಿ ಏನೋ ಪಟ್ಟೆಂದು ಹರಿಯಿತು. "ತಗೊಂಡ್ಲಾ? ಇರಿ, ಅವಳನ್ನೇ ಕೇಳ್ಕೊಂಡ್ ಬರ್ತೀನಿ" ಎಂದೆ. ಹಿತ್ತಲ ಬಾಗಿಲಿನಿಂದ ಹೊರಟೆ. ಯಾರಿಗೂ ಹೇಳಲಿಲ್ಲ, ಯಾರೂ ನೋಡಲೂ ಇಲ್ಲ.

ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಬಿಸಿಯಾಗಿತ್ತು. ಕಾಫಿ ಗಿಡಗಳು ಮಲಗಿದ್ದವು, ಆನೆಗೆ ಪ್ರಿಯವಾದ ಬೈನೆ ಮರವೊಂದು ಸೀಳಿ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದೆ. ಅವತ್ತು ಆನೆ ಎದುರು ಬಂದಿದ್ದರೂ ಅದಕ್ಕೂ ನಾಲ್ಕು ಮಾತು ಅಂದೇ ಮುಂದೆ ಹೋಗುತ್ತಿದ್ದೆ.

ಗುಡ್ಡದಮ್ಮನ ಗುಡಿ ನೀವು ಕಂಡದ್ದೇ. ಬಾಗಿಲಿಲ್ಲ, ಮೂರು ಗೋಡೆ, ಮೇಲೊಂದು ತಗಡು, ನಡುವೆ ಎದೆಯೆತ್ತರದ ಕಲ್ಲು. ನಾನು ಎದುರು ನಿಂತು, ಸೌಟಿನಿಂದ ಮೆಟ್ಟಿಲಿಗೆ ಬಡಿದು ಶುರು ಮಾಡಿದೆ. "ಏನವ್ವ, ನಿನಗೂ ನಾನೇ ಸಿಕ್ಕಿದ್ನಾ? ಮೂರು ವಾರ ಕಡುಬು ಬರ್ಲಿಲ್ಲ ಅಂತ ಕೂಸು ಬೇಕಾಯ್ತಾ ನಿಂಗೆ? ಗಂಡನಿಗೆ ತಿಂಡಿ, ಅತ್ತೆಗೆ ಮಾತ್ರೆ, ಊರೋರಿಗೆ ಕಡುಬು, ನಿಂಗೆ ಮೀಸ್ಲು. ಎಲ್ಲಾರೂ ನನ್ನನ್ನೇ ಕೇಳೋರು, ನಾನ್ ಯಾರನ್ನ ಕೇಳ್ಲಿ? ನೀನೂ ಹೆಣ್ಣಲ್ವಾ? ನಿಂಗೂ ಕಣ್ಣಿಲ್ವಾ? ಕೊಡು ನನ್ನ ಮಗೂನ! ಕೊಡ್ದಿದ್ರೆ ಈ ಗುಡ್ಡ ಹತ್ತೋರು ಯಾರು ನೋಡ್ತೀನಿ, ಇಲ್ಲೇ ಹಸ್ಕೊಂಡ್ ಬಿದ್ದಿರು!" ಇನ್ನೂ ಬೈದೆ. ದೇವರಿಗೆ ಹೇಳಬಾರದ್ದನ್ನೂ ಹೇಳಿದೆ. ಕೊನೆಗೆ ಮೆಟ್ಟಿಲ ಮೇಲೆ ಕುಸಿದು ಗಳಗಳ ಅತ್ತೆ.

ಆಗ ಕಲ್ಲಿನ ಹಿಂದಿನಿಂದ ಒಂದು ಪುಟ್ಟ ಕೈ ಬಂತು.

ತಾಯಿಯ ಕಲ್ಲಿಗೂ ಹಿಂದಿನ ಗೋಡೆಗೂ ನಡುವೆ, ಒಬ್ಬ ದೊಡ್ಡವರು ತೂರಲಾಗದ ಸಂದಿಯಲ್ಲಿ, ನನ್ನ ಮಗಳು ಕುಳಿತಿದ್ದಳು. ಬಾಯಿಗೆ ಕರ್ಚೀಫು. ಮಡಿಲಲ್ಲಿ ಎಲೆಯ ಪೊಟ್ಟಣ. ಎಳೆದು ಅಪ್ಪಿಕೊಂಡು, "ಮಗಾ, ಏನಾಯ್ತು? ಮಾತಾಡು, ಮಾತಾಡು" ಎಂದು ಅಲ್ಲಾಡಿಸಿದೆ. ಮಾತಿಲ್ಲ. ಹೆದರಿ ಮಾತೇ ನಿಂತುಹೋಯಿತೋ ಎಂದುಕೊಂಡೆ. ಕರ್ಚೀಫು ಬಿಚ್ಚಲು ಹೋದರೆ ನನ್ನ ಕೈಯನ್ನು ತಳ್ಳಿದಳು. ಮೊದಲು ಪೊಟ್ಟಣವನ್ನು ತೋರಿಸಿದಳು, ಆಮೇಲೆ ದೀಪವನ್ನು ತೋರಿಸಿದಳು.

ಆಗ ನನಗೆ ಅರ್ಥವಾಯಿತು. ಪೊಟ್ಟಣ ಬಿಚ್ಚಿದರೆ ಅದೇ ದಿನದ ಮೀಸಲು ಕಡುಬು. ಹಸಿದ ಮಗು ಒಂದು ತರಿಯನ್ನೂ ಮುಟ್ಟಿರಲಿಲ್ಲ. ತಾಯಿಯ ಮುಂದಿಟ್ಟು, ಗೂಡಿನಲ್ಲಿದ್ದ ಬೆಂಕಿಪೊಟ್ಟಣ ತೆಗೆದು ದೀಪ ಹಚ್ಚಿದೆ. ಧನ್ಯ ಕೈಮುಗಿದಳು. ತಾನೇ ಕರ್ಚೀಫು ಬಿಚ್ಚಿಕೊಂಡಳು. ನನ್ನನ್ನು ದುರುಗುಟ್ಟಿ ನೋಡಿ ಹೇಳಿದಳು:

"ಅಮ್ಮ, ಮೀಸ್ಲು ಮುಂದೆ ಅಷ್ಟೊಂದು ಕಿರುಚಿದ್ಯಲ್ಲ! ನೀನೇ ತಾನೆ ಮಾತಾಡ್ಬಾರ್ದು ಅಂದಿದ್ದು?"

ಆಮೇಲೆ ಬಾಯಿ ನಿಲ್ಲಲಿಲ್ಲ. ಊರವರಿಗೆಲ್ಲ ಕಡುಬು, ಗುಡ್ಡದಮ್ಮನಿಗೆ ಮಾತ್ರ ಉಪವಾಸ ಎಂದು ಅಜ್ಜಿ ದಿನಾ ಹೇಳುತ್ತಿದ್ದರಂತೆ. ಅತ್ತೆಗೆ ನನ್ನೆದುರು ನೇರ ಹೇಳಲು ಬಾಯಿ ಇರಲಿಲ್ಲ, ಕೂಸಿನ ಕಿವಿಗೆ ಊದಲು ಇತ್ತು! ಅದಕ್ಕೆ ಇವಳೇ ಮೀಸಲು ತೆಗೆದುಕೊಂಡು ಹೊರಟಳು. ದೀಪ ಹಚ್ಚಲು ಬಾರದು, ಮೀಸಲು ಬಿಟ್ಟು ಬರುವಂತಿಲ್ಲ, ಅಮ್ಮ ಬರಲಿ ಎಂದು ಕಾದಳು. "ಅಪ್ಪ ಕರೆದಿದ್ದು ಕೇಳಿಸ್ತು. ಆದ್ರೆ ಬಾಯ್ ಕಟ್ಟಿತ್ತಲ್ಲ" ಎಂದಳು. ಆಮೇಲೆ, "ಆನೆ ಬಂದಿದ್ವು ಅಮ್ಮ. ನಾಕು. ಒಂದು ಮರಿ. ಇಲ್ಲೇ ನಿಂತಿದ್ವು" ಎಂದು ನಾನು ಕುಳಿತಿದ್ದ ಮೆಟ್ಟಿಲನ್ನೇ ತೋರಿಸಿದಳು. ಬಗ್ಗಿ ನೋಡಿದೆ. ಹಸಿ ಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳು, ಅದರ ಪಕ್ಕದಲ್ಲಿ ತಟ್ಟೆಯಗಲದವು. ಮರಿ ಜೊತೆಗಿರುವ ಆನೆ ಎಂಥದ್ದು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಪ್ಪ ಕೂಗಿದಾಗ ಮಗು ಒಂದೇ ಒಂದು ಸಲ "ಓ" ಎಂದಿದ್ದರೆ?

ಮಗಳನ್ನು ಸೊಂಟದ ಮೇಲೆ ಹೊತ್ತು ಇಳಿದು ಬಂದೆ. ಅಂಗಳದವರೆಲ್ಲ ಜೈಕಾರ ಹಾಕಿದರು. ಅತ್ತೆ ಅಡ್ಡಬಿದ್ದು, "ಗುಡ್ಡದಮ್ಮ ಎಚ್ಚರಿಕೆ ಕೊಟ್ಲು, ಇನ್ನಾದ್ರೂ ಯಾಪಾರ ನಿಲ್ಸಮ್ಮಿ" ಎಂದರು. ನಾನು ಅಲ್ಲೇ ಹೇಳಿದೆ: "ಗುಡ್ಡದಮ್ಮ ಅದನ್ನ ಹೇಳೋದಿದ್ರೆ ನನಗೇ ಹೇಳ್ತಿದ್ಲು, ಇವತ್ತು ನಾವಿಬ್ರೂ ಎದುರುಬದ್ರು ಮಾತಾಡಿದೀವಿ." ಮಾರನೆಯ ದಿನ ಒಂಬತ್ತರ ಬಸ್ಸಿಗೆ ಡಬ್ಬ ಹಾಕಿದೆ. ಚಟ್ನಿ ಕೇಳಿದವನಿಗೆ ಮಾತ್ರ ಇನ್ನು ನನ್ನ ಕಡುಬಿಲ್ಲ.

ಮೀಸಲು ಅಂದಿನಿಂದ ಒಂದು ವಾರವೂ ತಪ್ಪಿಲ್ಲ. ಆದರೆ ಈಗ ಹೊರುವುದು ನಾನಲ್ಲ. ಆನೆ ಇಲ್ಲವೆಂದು ತಿಳಿದುಕೊಂಡು, ಪ್ರತಿ ಮಂಗಳವಾರ ರೈಟರ್ ಲೋಕೇಶ್ ಅವರು ಬಾಯಿಗೆ ಟವೆಲ್ ಕಟ್ಟಿಕೊಂಡು, ಫೋನ್ ಮನೆಯಲ್ಲಿಟ್ಟು, ಮಗಳ ಕೈ ಹಿಡಿದು ಗುಡ್ಡ ಹತ್ತುತ್ತಾರೆ. ಮೊದಲ ದಿನ ಗೊಣಗಲು ಬಾಯಿ ತೆರೆದರು. ಧನ್ಯ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟಳು. ಟವೆಲನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡರು.

ತಾಯೀ ಗುಡ್ಡದಮ್ಮ, ನಿನ್ನ ಉಪಕಾರವನ್ನು ಏಳು ಜನ್ಮಕ್ಕೂ ಮರೆಯಲಾರೆ. ಆದರೆ ಬೈದದ್ದಕ್ಕೆ ತಪ್ಪಾಯಿತು ಎನ್ನುವುದಿಲ್ಲ. ಅವತ್ತು ಭಕ್ತಿಯಿಂದ ಕೈಮುಗಿದು ಮನೆಯಲ್ಲೇ ಕುಳಿತಿದ್ದರೆ ನನ್ನ ಮಗಳು ಇನ್ನೂ ನಿನ್ನ ಕಲ್ಲಿನ ಹಿಂದೆ ಕಾಯುತ್ತಿದ್ದಳು. ನನ್ನ ಸಿಟ್ಟು ಬಲ್ಲವಳು ನೀನು, ಅದನ್ನೇ ಹಿಡಿದು ಮೇಲಕ್ಕೆ ಎಳೆದೆ. ಎಲ್ಲರೂ ಕಡುಬು ಕೇಳಿದರು, ಚಟ್ನಿ ಕೇಳಿದರು, ತಪ್ಪೊಪ್ಪಿಗೆ ಕೇಳಿದರು. ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡವಳು ನೀನೊಬ್ಬಳೇ.